ಸಂಡೂರು: ಕೆಂಧೂಳಿನ ದಾರಿಯಲ್ಲಿ

ತೋರಣಗಲ್ಲಿನಲ್ಲಿ ಹೆದ್ದಾರಿ ಬಿಟ್ಟು ಸಂಡೂರಿನ ಕಡೆ ಹೊರಳಿದರೆ ಮೊದಲು ಬಣ್ಣ ಬದಲಾಗುವುದು ದಾರಿ ಬದಿಯ ಮರಗಳದು. ಬೇಸಿಗೆಯಲ್ಲಂತೂ ಬೇವಿನೆಲೆಗಳು ಕಾವಿ ಬಳಿದಂತಿರುತ್ತವೆ. ಒಂದೆಲೆ ಕಿತ್ತು ಉಜ್ಜಿ ನೋಡಿ. ಒಳಗೆ ಹಸಿರೇ ಇದೆ; ಬೆರಳಿಗೆ ಅಂಟಿದ್ದು ನುಣ್ಣನೆಯ ಕೆಂಪು ಹಿಟ್ಟು, ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಮಿನುಗುತ್ತದೆ. ಅದು ಬರೀ ಮಣ್ಣಲ್ಲ, ಕಬ್ಬಿಣದ ಅದಿರು. ರಸ್ತೆ ಬದಿಯ ಚಹಾದಂಗಡಿಗಳಲ್ಲಿ ಒಲೆ ಹೊತ್ತಿಸುವ ಮೊದಲು ಅಂಗಳಕ್ಕೆ ನೀರು ಹೊಡೆಯುತ್ತಾರೆ. ಎರಡು ಟಿಪ್ಪರ್ ಹಾದುಹೋದರೆ ಆ ನೀರಿನ ಕೆಲಸ ಮುಗಿಯಿತು.

ಇಷ್ಟಾದರೂ ಸಂಡೂರು ಚೆಲುವಿನ ಊರು. ಘೋರ್ಪಡೆಯವರ ಪುಟ್ಟ ಸಂಸ್ಥಾನವಾಗಿದ್ದ ಈ ಕಣಿವೆ 1949ರಲ್ಲಿ ಭಾರತದಲ್ಲಿ ವಿಲೀನವಾಯಿತು. ಬೆಟ್ಟದ ಮೇಲೆ ಪ್ರಾಚೀನ ಪಾರ್ವತಿ ಮತ್ತು ಕುಮಾರಸ್ವಾಮಿ ಗುಡಿಗಳಿವೆ, ಕೆಳಗೆ ನಾರಿಹಳ್ಳದ ಜಲಾಶಯ. ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿದೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂಬುದು ಊರಿನವರು ಬಂದವರಿಗೆಲ್ಲ ಒಪ್ಪಿಸುವ ಮಾತು. ಮಳೆಗೆ ಎಲೆಗಳು ತೊಳೆದುಕೊಂಡ ಆ ತಿಂಗಳಲ್ಲಿ ಬಂದವರಿಗೆ ಧೂಳಿನ ಕಥೆ ಕಟ್ಟುಕಥೆ ಅನ್ನಿಸಬಹುದು.

ಧೂಳೆಂದರೆ ಎಲ್ಲರ ಕಣ್ಣು ಗಣಿಯ ಮೇಲೆ. ಸ್ಫೋಟ, ಅಗೆತ, ಕ್ರಷರ್, ಲೋಡಿಂಗ್, ಎಲ್ಲದರಲ್ಲೂ ಧೂಳೇಳುವುದು ನಿಜ. ಆದರೆ ಗಣಿ ಇರುವುದು ಗುಡ್ಡದ ಮೇಲೆ, ಜನ ಇರುವುದು ರಸ್ತೆಯ ಬದಿಯಲ್ಲಿ. ನನ್ನ ಮಟ್ಟಿಗೆ ಇಲ್ಲಿನ ದೊಡ್ಡ ತಂಟೆ ದಾರಿಯದೇ. ತಾಡಪತ್ರಿ ಸರಿಯಾಗಿ ಬಿಗಿಯದ ಲಾರಿಯಿಂದ ಪುಡಿ ಅದಿರು ಉದುರುತ್ತದೆ, ಹಿಂದಿನ ಲಾರಿಯ ಗಾಲಿ ಅದನ್ನು ಅರೆಯುತ್ತದೆ, ಅದರ ಹಿಂದಿನದು ಗಾಳಿಗೆ ಎಬ್ಬಿಸುತ್ತದೆ. ಒಮ್ಮೆ ಬಿದ್ದ ಅದಿರು ದಿನವಿಡೀ ಮತ್ತೆ ಮತ್ತೆ ಏಳುತ್ತಲೇ ಇರುತ್ತದೆ. ಟ್ಯಾಂಕರಿನಲ್ಲಿ ನೀರು ಚಿಮುಕಿಸಿದರೂ ಬಳ್ಳಾರಿ ಸೀಮೆಯ ಬಿಸಿಲಿಗೆ ಅದು ಎಷ್ಟು ಹೊತ್ತು ನಿಂತೀತು? ಇದರ ಜೊತೆಗೆ ಡೀಸೆಲ್ ಹೊಗೆ. ತುಸು ದೂರದಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕಲ್ಲಿದ್ದಲು ಸುಡುವ ಸ್ಪಾಂಜ್ ಐರನ್ ಘಟಕಗಳು, ಕುಡಿತಿನಿಯ 1,700 ಮೆಗಾವಾಟ್ ಶಾಖೋತ್ಪನ್ನ ಸ್ಥಾವರ.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾ ಅದಿರಿಗೆ ಕೇಳಿದಷ್ಟು ಬೆಲೆ ಕೊಡುತ್ತಿದ್ದಾಗ ಈ ರಸ್ತೆಯಲ್ಲಿ ಲಾರಿಗಳ ಸಾಲು ಕಡಿಯುತ್ತಲೇ ಇರಲಿಲ್ಲ. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು; ಅದೇ ತಿಂಗಳ 29ರಂದು ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟದ್ದಾಯಿತು. 2022ರಲ್ಲಿ ಬಳ್ಳಾರಿಯ ಅದಿರು ಉತ್ಪಾದನೆಯ ವಾರ್ಷಿಕ ಮಿತಿ 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ ಏರಿತು.

ಕಣ್ಣಿಗೆ ಕಾಣುವ ಕೆಂಧೂಳಲ್ಲಿ ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಸೀನು, ಕೆಮ್ಮು, ಕೆಂಪು ಕರವಸ್ತ್ರ. ಕಾಣದ್ದೇ ಕೆಟ್ಟದ್ದು. 2.5 ಮೈಕ್ರಾನ್‌ಗಿಂತ ಸಣ್ಣ ಕಣ ಶ್ವಾಸಕೋಶದ ತಳಕ್ಕಿಳಿಯುತ್ತದೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಆಸ್ತಮಾ ಕೆರಳುವುದು, ಹೃದಯಕ್ಕೆ ಹೊರೆಯಾಗುವುದು ಆಗಲೇ. ಇಂಥ ಕಣ ವರ್ಷದ ಸರಾಸರಿಯಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಂ ದಾಟಬಾರದೆಂಬುದು ನಮ್ಮ ಸರ್ಕಾರದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಹೇಳುತ್ತಿರುವುದು 5. ಇಲ್ಲಿನ ಅದಿರಿನ ಜೊತೆಗಿರುವ ಪಟ್ಟೆಪಟ್ಟೆ ಕಲ್ಲಿನಲ್ಲಿ ಸಿಲಿಕಾ ಬೇರೆ ಇದೆ. ಅದರ ಪುಡಿಯನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತಗಲಬಹುದು; ತಗಲಿದರೆ ಅದು ಗುಣವಾಗುವಂಥದ್ದಲ್ಲ.

ಹೊಲದ ಪಾಡೂ ಅದೇ. ಎಲೆಯ ಮೇಲೆ ಧೂಳು ಕೂತರೆ ಬಿಸಿಲು ತಾಗದು, ಎಲೆಯ ಉಸಿರುರಂಧ್ರ ಮುಚ್ಚುತ್ತದೆ, ಇಳುವರಿ ಕುಗ್ಗುತ್ತದೆ. ಅರಳಿದ ಹತ್ತಿ ಕೆಂಪಡರಿದರೆ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಅದು ನಗರಗಳ ಲೆಕ್ಕ. ಸಂಡೂರಿನಂಥ ತಾಲ್ಲೂಕು ಕೇಂದ್ರಕ್ಕೆ ಅಲ್ಲಿ ಜಾಗವಿಲ್ಲ. ಇತ್ತ 2024ರಲ್ಲಿ ಸಂಡೂರಿನ ದೇವದಾರಿ ಬೆಟ್ಟದ ಗಣಿ ಯೋಜನೆ ಮತ್ತೆ ಸುದ್ದಿಯಾಯಿತು: ಅದಕ್ಕೆ ಬಲಿಯಾಗಬೇಕಾದದ್ದು 400 ಹೆಕ್ಟೇರಿಗೂ ಮಿಕ್ಕ ಕಾಡು, ಸುಮಾರು 99 ಸಾವಿರ ಮರ. ಧೂಳನ್ನು ಪುಕ್ಕಟೆ ಸೋಸುತ್ತಿರುವುದು ಆ ಮರಗಳೇ.

ದಾರಿಯ ಧೂಳಿಗೆ ಮದ್ದೇನೋ ಇದೆ. ಮುಚ್ಚಿದ ಕನ್ವೇಯರ್ ಬೆಲ್ಟಿನಲ್ಲಿ, ಇಲ್ಲವೇ ರೈಲಿನಲ್ಲಿ ಅದಿರು ಸಾಗಿಸುವುದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ತನ್ನ ಬೆಲ್ಟು ಹಾಕಿಕೊಂಡಿದೆ ಕೂಡ. ಆದರೆ ಬೆಲ್ಟು ಬಂದಷ್ಟೂ ಲಾರಿಗೆ ಬಾಡಿಗೆ ತಪ್ಪುತ್ತದೆ. ಸಾಲ ಮಾಡಿ ಲಾರಿ ಕೊಂಡವರು, ಚಾಲಕರು, ಪಂಕ್ಚರ್ ಹಾಕುವವರು, ಡಾಬಾದವರು ಎಲ್ಲರೂ ಇದೇ ರಸ್ತೆಯ ಜನ. ಧೂಳು ಕುಡಿಯುವವರೂ ಅವರೇ. ಬೆಲ್ಟಿನ ಖರ್ಚಿನಲ್ಲಿ ಲಾರಿಯವರ ಕಂತನ್ನೂ ಸೇರಿಸಿ ಲೆಕ್ಕ ಹಾಕುವವರೆಗೆ ಈ ಊರಿನವರು ಒಕ್ಕೊರಲಿನಿಂದ ಬೆಲ್ಟು ಕೇಳುವುದು ಅನುಮಾನ.