ಗೂಡ್ಸು ಗಾಡಿಯ ಹಿಂದಣ ದೀಪ

ಬನಶಂಕರಿಯಿಂದ ಪಡುವಣಕ್ಕೆ ಹೋದರೆ ನಾಯಂಡಹಳ್ಳಿಯ ಬಳಿ ಮೈಸೂರಿನ ರೈಲುದಾರಿ ನಮಗೆ ಎದುರಾಗುತ್ತದೆ. ಈಗ ಅದು ಅಗಲವಾದ ಜೋಡಿಮಾರ್ಗ. 1882ರಲ್ಲಿ ಮೈಸೂರನ್ನು ಮುಟ್ಟಿದಾಗ ಅದು ಮೀಟರ್ ಗೇಜಿನ ಒಂಟಿಮಾರ್ಗವಾಗಿತ್ತು. 1876-78ರ ಕ್ಷಾಮದಲ್ಲಿ ರೈಲಿನ ಧಾನ್ಯವು ಬೆಂಗಳೂರಿನವರೆಗೆ ಬಂದಿತು; ಅಲ್ಲಿಂದ ಮೈಸೂರಿನ ಕಡೆಗೆ ಎತ್ತಿನ ಗಾಡಿಯೇ ಗತಿ. ಮಳೆಯಿಲ್ಲದ ಆ ದಿನಗಳಲ್ಲಿ ಎತ್ತುಗಳಿಗಾದರೂ ಮೇವೆಲ್ಲಿ? ಇಂಥ ದಾರಿಯ ಯೋಗ್ಯತೆಯನ್ನು ಅದರ ಗೂಡ್ಸು ಗಾಡಿಗಳಿಂದಲೇ ಅಳೆಯಬೇಕೆಂದು ನಮಗೆ ತೋರುತ್ತದೆ.

ಒಂಟಿಮಾರ್ಗದಲ್ಲಿ ಎದುರುಬದುರಾಗಿ ಬರುವ ಗಾಡಿಗಳು ನಿಲ್ದಾಣದಲ್ಲಿಯೇ ಒಂದನ್ನೊಂದು ದಾಟಬೇಕು. ಪ್ರಯಾಣಿಕರ ಗಾಡಿಗೆ ದಾರಿ ಬಿಟ್ಟು ಪಕ್ಕದ ಲೂಪಿನಲ್ಲಿ ಗಂಟೆಗಟ್ಟಲೆ ಕಾಯುವುದು ಗೂಡ್ಸಿನ ಹಣೆಬರಹ. ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ ಇರುವಂತೆ ಮಾಡಲು ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸಿದ್ದು ನೀಲ್ ಎಂಬವರ ಹೆಸರಿನ ಟೋಕನ್ ಯಂತ್ರ. ಆಚೆಯ ನಿಲ್ದಾಣದವರು ಒಪ್ಪಿದ ಹೊರತು ಅದರಿಂದ ಉಕ್ಕಿನ ಚೆಂಡು ಹೊರಬಾರದು. ಒಂದು ಚೆಂಡು ಹೊರಬಂದ ಮೇಲೆ ಎರಡು ಕಡೆಯೂ ಇನ್ನೊಂದು ದೊರೆಯದು. ಆ ಚೆಂಡು ಕೈಸೇರದೆ ಡ್ರೈವರನು ನಿಲ್ದಾಣವನ್ನು ಬಿಡುವಂತಿಲ್ಲ.

ನಿಲ್ದಾಣದ ಒಳಗಿನ ದಾರಿಯನ್ನು ಕಾಯುತ್ತಿದ್ದುದು ಕೈಮರದ ಕ್ಯಾಬಿನ್ನು. ಎತ್ತರದ ಕೊಠಡಿ, ಗಾಜಿನ ಕಿಟಕಿಗಳು, ಸಾಲಾಗಿ ನಿಂತ ಸನ್ನೆಗೋಲುಗಳು: ಹಳಿಯನ್ನು ತಿರುಗಿಸುವುದಕ್ಕೆ ಕಪ್ಪು, ತಿರುಗಿದ ಹಳಿಗೆ ಬೀಗ ಹಾಕುವುದಕ್ಕೆ ನೀಲಿ, ಕೈಮರವನ್ನು ಇಳಿಸುವುದಕ್ಕೆ ಕೆಂಪು. ಕಪ್ಪನ್ನೂ ನೀಲಿಯನ್ನೂ ಎಳೆಯದೆ ಕೆಂಪಿಗೆ ಕೈಹಾಕಿದರೆ ಅದು ಕದಲುವುದಿಲ್ಲ. ಕೆಳಗಿರುವ ಉಕ್ಕಿನ ಪಟ್ಟಿಗಳು ಒಂದರ ಕಚ್ಚಿನಲ್ಲೊಂದು ಕುಳಿತು ಅದನ್ನು ತಡೆಯುತ್ತವೆ. 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಇಂಥ ಏರ್ಪಾಟಿಗೆ ಪೇಟೆಂಟು ಪಡೆದನು. ಬಿಸಿಲಿಗೆ ತಂತಿ ಉದ್ದವಾಗಿ ಕೈಮರ ಅರ್ಧಕ್ಕೇ ನಿಲ್ಲುವುದೂ ಉಂಟು. ಆದ್ದರಿಂದ ತಂತಿಯನ್ನು ಬಿಗಿಮಾಡುವ ಕೆಲಸ ಬೇಸಗೆಯಲ್ಲಿ ಮುಗಿಯುವಂಥದಲ್ಲ.

ಇಷ್ಟು ಜಾಣತನದ ಯಂತ್ರಕ್ಕೂ ಒಂದು ಸಂಗತಿ ತಿಳಿಯದು. ಬಂದ ಗಾಡಿ ಪೂರ್ತಿಯಾಗಿ ಬಂದಿತೇ? ಗೂಡ್ಸಿನ ಕೊಂಡಿ ಕಳಚಿ ಕೆಲವು ವ್ಯಾಗನ್ನುಗಳು ದಾರಿಯಲ್ಲೇ ಉಳಿದಿದ್ದರೆ, ಹಿಂದೆ ಬರುವ ಗಾಡಿಗೆ ಅವೇ ಮೃತ್ಯು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಎಂಬಲ್ಲಿ, ಏರಿನಲ್ಲಿ ನಿಂತುಹೋದ ಗಾಡಿಯನ್ನು ಎರಡಾಗಿ ಬಿಡಿಸಿದಾಗ, ಹಿಂದಿನ ಡಬ್ಬಿಗಳು ಇಳಿಜಾರಿನಲ್ಲಿ ಉರುಳಿ, ಹಿಂಬಾಲಿಸಿ ಬರುತ್ತಿದ್ದ ಗಾಡಿಗೆ ಬಡಿದು ಸುಮಾರು 80 ಮಂದಿ ಸತ್ತರು.

ಆದುದರಿಂದ ಗೂಡ್ಸು ಹಾದುಹೋಗುವಾಗ ಕ್ಯಾಬಿನ್ನಿನವನು ಕಿಟಕಿಯಲ್ಲಿ ನಿಂತು ಕಟ್ಟಕಡೆಯ ಗಾರ್ಡಿನ ಡಬ್ಬಿಯನ್ನು ನೋಡಲೇಬೇಕು. ಹಗಲಲ್ಲಿ ಅದರ ಹಿಂದಣ ಗುರುತು, ಇರುಳಲ್ಲಿ ಕೆಂಪು ದೀಪ. ಅದು ಕಂಡ ಮೇಲೆಯೇ, ದಾರಿ ತೆರವಾಯಿತೆಂದು ಹಿಂದಿನ ನಿಲ್ದಾಣಕ್ಕೆ ಸುದ್ದಿ. ಕಾಣದಿದ್ದರೆ ಆ ಸುದ್ದಿ ಹೋಗಕೂಡದು. ಗಾಡಿಯನ್ನು ನಿಲ್ಲಿಸಿ ಪರೀಕ್ಷಿಸಿರೆಂದು ಮುಂದಿನ ನಿಲ್ದಾಣಕ್ಕೆ ತಿಳಿಸಬೇಕು. ಎದುರಿನ ಪ್ರಯಾಣಿಕರ ಗಾಡಿ ಎಷ್ಟು ಹೊತ್ತಾದರೂ ಕಾಯಲಿ. ಈಗ ಹಳಿಯ ಮಗ್ಗುಲಲ್ಲಿ ಅಚ್ಚುಗಳನ್ನು ಎಣಿಸುವ ಯಂತ್ರಗಳು ಬಂದಿವೆ. ಹೋದ ಅಚ್ಚುಗಳಷ್ಟೇ ಅಚ್ಚುಗಳು ಹೊರಬೀಳದಿದ್ದರೆ ಅವು ಮುಂದಿನ ಗಾಡಿಗೆ ದಾರಿ ಕೊಡುವುದಿಲ್ಲ.