ಜಠರದ ಸೂಕ್ಷ್ಮಾಣುವೂ ನಂಜುನಿವಾರಕ ವರ್ಣಗಳೂ

ಗಾಯಕ್ಕೆ ಹಚ್ಚುವ ನೇರಳೆ ಬಣ್ಣದ ಜೆನ್ಷನ್ ವಯಲೆಟ್ ಮತ್ತು ಹಳದಿ ಬಣ್ಣದ ಆಕ್ರಿಫ್ಲೇವಿನ್ ದ್ರವಗಳನ್ನು ಹಿಂದಿನ ತಲೆಮಾರಿನವರು ಚೆನ್ನಾಗಿ ಬಲ್ಲರು. ನಂಜನ್ನು ನಿವಾರಿಸುವ ಇಂತಹ ಕೃತಕ ವರ್ಣದ್ರವ್ಯಗಳ ಸಾಲಿಗೆ ಸೇರಿದುದೇ ಮೆಥಿಲೀನ್ ನೀಲಿ. ರೋಗಾಣುವನ್ನು ಕಣ್ಣಿಗೆ ಕಾಣಿಸಿಕೊಡುವ ವರ್ಣವೇ ಅದನ್ನು ಕೊಲ್ಲಲೂ ಸಮರ್ಥವಾಗಬಲ್ಲುದೆ ಎಂಬ ಪ್ರಶ್ನೆ ನೂರು ವರ್ಷಕ್ಕೂ ಹಳೆಯದು. ಜಠರದ ಹುಣ್ಣಿಗೆ ಕಾರಣವಾದ ಸೂಕ್ಷ್ಮಾಣುವಿನ ವಿಷಯದಲ್ಲಿ ಆ ಪ್ರಶ್ನೆ ಮತ್ತೆ ತಲೆಯೆತ್ತಿದೆ. ಹೈದರಾಬಾದಿನ ನಿವಾಸಿಗಳಿಗೆ ಅದು ಕೇವಲ ಕುತೂಹಲದ ವಿಷಯವಲ್ಲ.

ಈ ವಿಚಾರದ ಮೂಲಪುರುಷ ಜರ್ಮನಿಯ ಪಾಲ್ ಎರ್ಲಿಖ್. ಕೆಲವು ವರ್ಣಗಳು ಕೆಲವು ಜೀವಕೋಶಗಳನ್ನು ಮಾತ್ರ ಆರಿಸಿಕೊಂಡು ಅಂಟುವುದನ್ನು ಆತ ಸೂಕ್ಷ್ಮದರ್ಶಕದಲ್ಲಿ ಕಂಡನು. ರೋಗಾಣುವಿಗೆ ಅಂಟಿ ಆತಿಥೇಯ ದೇಹಕ್ಕೆ ಅಂಟದ ವರ್ಣವಿದ್ದರೆ, ಅದು ರೋಗಾಣುವನ್ನು ಮಾತ್ರ ನಾಶಮಾಡುವ ಔಷಧವೂ ಆಗಬಹುದೆಂದು ಆತ ತರ್ಕಿಸಿದನು. 1876ರಲ್ಲಿ ಬಟ್ಟೆಗೆ ಬಣ್ಣಹಾಕಲೆಂದು ಸಿದ್ಧವಾಗಿದ್ದ ಮೆಥಿಲೀನ್ ನೀಲಿಯನ್ನು 1891ರಲ್ಲಿ ಮಲೇರಿಯಾದ ಇಬ್ಬರು ರೋಗಿಗಳಿಗೆ ಕೊಟ್ಟು ಗುಣ ಕಂಡನು. ಆಧುನಿಕ ರಾಸಾಯನಿಕ ಚಿಕಿತ್ಸೆ ಹೀಗೆ ಬಣ್ಣದ ಕಾರ್ಖಾನೆಯಿಂದಲೇ ಹೊರಟಿತೆಂದರೆ ತಪ್ಪಾಗದು.

ಜಠರದ ಕಥೆ ಬಹಳ ತಡವಾಗಿ ಆರಂಭವಾಯಿತು. ತೀಕ್ಷ್ಣವಾದ ಆಮ್ಲವಿರುವ ಜಠರದಲ್ಲಿ ಸೂಕ್ಷ್ಮಾಣುಗಳು ನೆಲೆಸಲಾರವೆಂದೂ, ಹುಣ್ಣಿಗೆ ಖಾರವೂ ಚಿಂತೆಯೂ ಕಾರಣವೆಂದೂ ವೈದ್ಯರು ನಂಬಿದ್ದರು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ 1979ರಲ್ಲಿ ಜಠರದ ಒಳಪೊರೆಯ ತುಣುಕುಗಳಲ್ಲಿ ಸುರುಳಿಯಾಕಾರದ ಜೀವಿಗಳನ್ನು ಕಂಡರು. 1982ರಲ್ಲಿ ಬ್ಯಾರಿ ಮಾರ್ಷಲ್ ಅವರೊಡನೆ ಅವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. 1984ರಲ್ಲಿ ಮಾರ್ಷಲ್ ಆ ಜೀವಾಣುಗಳನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಅನುಭವಿಸಿ ಲೋಕಕ್ಕೆ ಸಾಕ್ಷ್ಯ ಒದಗಿಸಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರಿನ ಈ ಜೀವಾಣುವನ್ನು 1994ರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಯಿತು. 2005ರಲ್ಲಿ ಈ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಇದನ್ನು ಪತ್ತೆಹಚ್ಚುವಲ್ಲಿ ವರ್ಣಗಳ ನೆರವು ಎರಡು ಬಗೆಯದು. ಮೊದಲನೆಯದರಲ್ಲಿ, ಅಂತರ್ದರ್ಶಕದ ಮೂಲಕ ತೆಗೆದ ಒಳಪೊರೆಯ ತುಣುಕಿಗೆ ಗೀಮ್ಸಾ ವರ್ಣವನ್ನು ಹಾಕುತ್ತಾರೆ. ಇದರ ಮುಖ್ಯ ಘಟಕಗಳಲ್ಲಿ ಮೆಥಿಲೀನ್ ನೀಲಿಯೂ ಒಂದು; ಲೋಳೆಯಲ್ಲಿ ಅಡಗಿದ ಬಾಗಿದ ಜೀವಾಣುಗಳು ನೀಲಿಯಾಗಿ ಎದ್ದು ಕಾಣುತ್ತವೆ. ಎರಡನೆಯದರಲ್ಲಿ ವರ್ಣವು ಜೀವಾಣುವಿಗೆ ಅಂಟದೆ ಅದರ ಕೆಲಸವನ್ನು ಸಾರುತ್ತದೆ. ಆಮ್ಲದಲ್ಲಿ ಬದುಕುವ ಸಲುವಾಗಿ ಈ ಜೀವಾಣು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯವನ್ನು ಒಡೆದು ಅಮೋನಿಯವನ್ನು ಉಂಟುಮಾಡಿ, ತನ್ನ ಸುತ್ತಲಿನ ಆಮ್ಲವನ್ನು ತಗ್ಗಿಸಿಕೊಳ್ಳುತ್ತದೆ. ಯೂರಿಯವೂ ಫೀನಾಲ್ ಕೆಂಪು ಎಂಬ ಸೂಚಕ ವರ್ಣವೂ ಇರುವ ಹಳದಿ ಮಾಧ್ಯಮದಲ್ಲಿ ತುಣುಕನ್ನಿಟ್ಟರೆ, ಅಮೋನಿಯದ ಪ್ರಭಾವದಿಂದ ಹಳದಿಯು ಕೆಂಪಾಗುತ್ತದೆ. ಜೀವಾಣುವನ್ನು ಕಾಪಾಡುವ ಉಪಾಯವೇ ಹೀಗೆ ಅದರ ಗುಟ್ಟನ್ನು ಬಯಲುಮಾಡುತ್ತದೆ. ಆಮ್ಲ ತಗ್ಗಿಸುವ ಗುಳಿಗೆಗಳನ್ನು ಸೇವಿಸುತ್ತಿರುವವರಲ್ಲಿ ಈ ಪರೀಕ್ಷೆ ತಪ್ಪು ಫಲ ಕೊಡಬಹುದಾದುದರಿಂದ, ವೈದ್ಯರ ಸಲಹೆಯಂತೆ ಅವನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ.

ಪತ್ತೆಹಚ್ಚುವುದು ಇಷ್ಟು ಸುಲಭವಾದರೂ ನಿರ್ಮೂಲನವು ಸುಲಭವಲ್ಲ. ದೇಶದ ಹಲವು ನಗರಗಳಿಂದ ಸಂಗ್ರಹಿಸಿದ 259 ಮಾದರಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇಕಡ 77.9ರಷ್ಟು ಮೆಟ್ರೊನಿಡಜೋಲ್ ಔಷಧಕ್ಕೂ, ಶೇಕಡ 44.7ರಷ್ಟು ಕ್ಲಾರಿಥ್ರೋಮೈಸಿನ್‌ಗೂ ಮಣಿಯದಿದ್ದವು. ಮೆಟ್ರೊನಿಡಜೋಲ್ ನಿರೋಧವು ದಿಲ್ಲಿಯಲ್ಲಿ ಶೇಕಡ 37.5 ಇದ್ದರೆ, ಹೈದರಾಬಾದಿನ ಮಾದರಿಗಳಲ್ಲಿ ಶೇಕಡ 100 ಇತ್ತು. ಅಂದಿನ ಕೆಲವೇ ಮಾದರಿಗಳಿಂದ ಇಂದಿನ ಇಡೀ ನಗರವನ್ನು ಅಳೆಯುವುದು ಸಲ್ಲದು. ಆದರೂ ಅದರ ಎಚ್ಚರಿಕೆ ಸ್ಪಷ್ಟವಾದುದು. ಆಮಶಂಕೆಗೂ ಅತಿಸಾರಕ್ಕೂ ಇದೇ ಗುಳಿಗೆಯನ್ನು ಕೇಳಿದಾಗಲೆಲ್ಲ ಕೊಂಡು ನುಂಗುವ ರೂಢಿಯು, ಜಠರದಲ್ಲಿ ಸದ್ದಿಲ್ಲದೆ ನೆಲೆಸಿರುವ ಜೀವಾಣುವಿಗೂ ಅದನ್ನು ಎದುರಿಸುವ ಪಾಠ ಕಲಿಸುತ್ತದೆ.

ಎರ್ಲಿಖ್‌ನ ವರ್ಣಗಳತ್ತ ಸಂಶೋಧಕರು ಮತ್ತೆ ನೋಡುತ್ತಿರುವುದಕ್ಕೆ ಇಂತಹ ನಿರೋಧವೇ ಒಂದು ಮುಖ್ಯ ಕಾರಣ. ಮೆಥಿಲೀನ್ ನೀಲಿಯು ಕೆಂಪು ಬೆಳಕನ್ನು ಹೀರಿಕೊಂಡು ಆಮ್ಲಜನಕವನ್ನು ಉಗ್ರವಾದ ಕ್ರಿಯಾಶೀಲ ರೂಪಕ್ಕೆ ತರುತ್ತದೆ. ಆ ಆಮ್ಲಜನಕವು ಜೀವಾಣುವಿನ ಪೊರೆ, ಪ್ರೋಟೀನು, ವಂಶದ್ರವ್ಯಗಳನ್ನು ಏಕಕಾಲದಲ್ಲಿ ಘಾತಿಸುವುದರಿಂದ, ಒಂದೇ ಗುರಿಯುಳ್ಳ ಔಷಧಕ್ಕೆ ಬೆಳೆಯುವಂತಹ ನಿರೋಧವು ಇದಕ್ಕೆ ಬೆಳೆಯುವುದು ಕಷ್ಟ. ಪ್ರಯೋಗಶಾಲೆಯಲ್ಲಿ ಈ ವಿಧಾನದಿಂದ ಜಠರದ ಜೀವಾಣು ಸಾಯುವುದು ಸಿದ್ಧವಾಗಿದೆ. ಆದರೆ ಗಾಜಿನ ನಳಿಗೆಯೇ ಬೇರೆ, ಮನುಷ್ಯನ ಜಠರವೇ ಬೇರೆ. ಜಠರದ ಮಡಿಕೆಗಳ ಮೂಲೆಮೂಲೆಗೂ ಬೆಳಕು ತಲುಪಬೇಕು, ದಪ್ಪ ಲೋಳೆಯನ್ನು ವರ್ಣವು ದಾಟಬೇಕು, ಒಳಪೊರೆಗೆ ಹಾನಿಯಾಗಬಾರದು. ಅಳಿದುಳಿದ ಕೆಲವೇ ಜೀವಾಣುಗಳು ಮತ್ತೆ ವೃದ್ಧಿಯಾಗಬಲ್ಲವು. ಆದಕಾರಣ ಇದಿನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ವರ್ಣವೆಂದ ಮಾತ್ರಕ್ಕೆ ಅದು ನಿರುಪದ್ರವಿಯೂ ಅಲ್ಲ. ಜಿ6ಪಿಡಿ ಕಿಣ್ವದ ಕೊರತೆಯುಳ್ಳವರಲ್ಲಿ ಮೆಥಿಲೀನ್ ನೀಲಿಯು ಕೆಂಪು ರಕ್ತಕಣಗಳನ್ನು ಒಡೆಯಬಹುದು. ಖಿನ್ನತೆಗೆ ಕೊಡುವ ಕೆಲವು ಔಷಧಗಳೊಡನೆ ಸೇರಿ ಪ್ರಾಣಾಪಾಯವನ್ನೂ ತರಬಹುದು. ಗಾಯಕ್ಕೆ ಹಚ್ಚುವ ದ್ರವವನ್ನು ಹೊಟ್ಟೆಯ ಔಷಧವೆಂದು ಭಾವಿಸುವುದು ಅವಿವೇಕವೇ ಸರಿ.

ಸದ್ಯಕ್ಕೆ ವರ್ಣದ ನಿಶ್ಚಿತ ಸ್ಥಾನ ರೋಗನಿದಾನದಲ್ಲಿದೆ. ಊಹೆಯಿಂದ ಗುಳಿಗೆ ನುಂಗದೆ ಮೊದಲು ಪರೀಕ್ಷಿಸಿಕೊಳ್ಳುವುದು, ವೈದ್ಯರು ವಿಧಿಸಿದ ಔಷಧಗಳನ್ನು ಸಾಮಾನ್ಯವಾಗಿ 14 ದಿನಗಳ ಅವಧಿ ಮುಗಿಯುವವರೆಗೂ ಬಿಡದೆ ಸೇವಿಸುವುದು, ಮುಗಿದು ಕನಿಷ್ಠ ನಾಲ್ಕು ವಾರಗಳ ಬಳಿಕ ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ಜೀವಾಣು ತೊಲಗಿತೆ ಎಂದು ಖಚಿತಪಡಿಸಿಕೊಳ್ಳುವುದು, ಈ ಮೂರು ಕ್ರಮಗಳು ಇಂದೇ ಕೈಗೆಟಕುವಂತಹವು. ಎರ್ಲಿಖ್‌ನ ತರ್ಕದ ಮೊದಲರ್ಧವಾದ ಕಾಣಿಸುವ ಕಾರ್ಯವು ಜಠರದ ಮಟ್ಟಿಗೆ ಸಿದ್ಧಿಸಿದೆ. ಉಳಿದರ್ಧವು ಸಿದ್ಧಿಸುವವರೆಗೆ, ಕೈಯಲ್ಲಿರುವ ಔಷಧಗಳ ಶಕ್ತಿಯನ್ನು ದುಂದುಮಾಡದೆ ಕಾಯ್ದುಕೊಳ್ಳುವುದು ರೋಗಿಯ ಮತ್ತು ವೈದ್ಯನ ಸಮಾನ ಹೊಣೆಯಾಗಿದೆ.