ಜಾಲಮಾರ್ಗಗಳ ಆಯ್ಕೆಯಲ್ಲಿ ಪ್ರಾಮಾಣ್ಯದ ಪ್ರಶ್ನೆ

ತುಮಕೂರು ಜಿಲ್ಲೆಯ ಚರಿತ್ರೆಯನ್ನು ಅಭ್ಯಸಿಸುವವನು ಸಮಕಾಲೀನ ಶಾಸನವನ್ನೂ ಬಹುಕಾಲದ ತರುವಾಯ ಬರೆಯಿಸಿದ ಕೈಫಿಯತ್ತನ್ನೂ ಸರಿಸಮವಾಗಿ ತೂಗುವುದಿಲ್ಲ. ಅವುಗಳ ಹೇಳಿಕೆಗಳು ಭಿನ್ನವಾದಾಗ ಆತನು ಮೊದಲು ವಿಚಾರಿಸುವುದು ಆಕರದ ಪ್ರಾಮಾಣ್ಯವನ್ನು. ಗಣಕಜಾಲದಲ್ಲಿ ಮಾಹಿತಿಯನ್ನು ದಾರಿಗೆ ಹಚ್ಚುವ ರೂಟರ್ ಎಂಬ ಯಂತ್ರದ ಕ್ರಮವೂ ಇಂಥದೇ. ಒಂದೇ ಗುರಿಗೆ ಬೇರೆಬೇರೆ ಮೂಲಗಳು ಬೇರೆಬೇರೆ ದಾರಿಗಳನ್ನು ತೋರಿದರೆ, ಯಾವ ಮೂಲವನ್ನು ನಂಬತಕ್ಕದ್ದೆಂಬುದನ್ನು ಅದು ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ ಎಂಬ ಅಂಕದಿಂದ ನಿರ್ಣಯಿಸುತ್ತದೆ. ಹೆಸರಿನಲ್ಲಿ ದೂರವಿದ್ದರೂ ಇದು ದೂರದ ಅಳತೆಯಲ್ಲ. ಅಂಕ ಕಡಿಮೆಯಾದಷ್ಟೂ ನಂಬಿಕೆ ಹೆಚ್ಚು. ಸಿಸ್ಕೊ ರೂಟರುಗಳಲ್ಲಿ ನಿರ್ವಾಹಕನು ಕೈಯಾರೆ ಬರೆದ ಸ್ಥಿರಮಾರ್ಗಕ್ಕೆ 1, ಓ.ಎಸ್.ಪಿ.ಎಫ್. ಪದ್ಧತಿಗೆ 110, ಅದಕ್ಕಿಂತ ಹಳೆಯದಾದ ರಿಪ್ ಪದ್ಧತಿಗೆ 120. ಜೂನಿಪರ್ ರೂಟರುಗಳಲ್ಲಾದರೋ ಓ.ಎಸ್.ಪಿ.ಎಫ್.ನ ಆಂತರಿಕ ಮಾರ್ಗಗಳಿಗೆ 10. ತಯಾರಕರಲ್ಲಿಯೇ ಒಮ್ಮತವಿಲ್ಲ!

1989ರಲ್ಲಿ ಮೊದಲು ಪ್ರಕಟವಾದ ಓ.ಎಸ್.ಪಿ.ಎಫ್. ಪದ್ಧತಿಯಲ್ಲಿ ಪ್ರತಿಯೊಂದು ರೂಟರೂ ತನ್ನ ಕೊಂಡಿಗಳನ್ನೂ ಅವುಗಳ ವೆಚ್ಚವನ್ನೂ ಸಾರುತ್ತದೆ. ಒಂದು ವಲಯದ ರೂಟರುಗಳೆಲ್ಲವೂ ಒಂದೇ ನಕ್ಷೆಯನ್ನಿಟ್ಟುಕೊಂಡು, ಡೈಕ್‌ಸ್ಟ್ರಾ ಎಂಬ ವಿದ್ವಾಂಸನು 1959ರಲ್ಲಿ ಪ್ರಕಟಿಸಿದ ಕ್ರಮದಿಂದ ಕನಿಷ್ಠ ವೆಚ್ಚದ ದಾರಿಯನ್ನು ಗಣಿಸುತ್ತವೆ.

ನಿದರ್ಶನಕ್ಕಾಗಿ ಒಂದು ಜಾಲವನ್ನು ಕಲ್ಪಿಸಿಕೊಳ್ಳೋಣ. ಕೊಡಿಗೇನಹಳ್ಳಿಯ ನಾಡಕಚೇರಿಯಿಂದ ಹೊರಟ ಪಹಣಿಯ ಕೋರಿಕೆಯೊಂದು ಮಧುಗಿರಿಗೆ ಬಂದು ತುಮಕೂರಿಗೆ ಹೋಗಬೇಕಾಗಿದೆ. ಕೊರಟಗೆರೆಯ ಮೂಲಕ ಹೋಗುವ ಎರಡು ಕೊಂಡಿಗಳ ವೆಚ್ಚ ತಲಾ 10. ಸಿರಾದ ಮೂಲಕ ತಲಾ 20. ಕೊರಟಗೆರೆಯ ದಾರಿಯೇ ಸಹಜವಾಗಿ ಗೆಲ್ಲುತ್ತದೆ. ಆ ದಾರಿಯಲ್ಲಿ ದಟ್ಟಣೆ ಹೆಚ್ಚಿತೆಂದು ನಿರ್ವಾಹಕನು ಮಧುಗಿರಿಯಲ್ಲಿ, ತುಮಕೂರಿಗೆ ಸಿರಾದ ಮೂಲಕ ಎಂದು ಸ್ಥಿರಮಾರ್ಗವೊಂದನ್ನು ಬರೆದನೆನ್ನಿ. 1ರ ಮುಂದೆ 110 ಸೋಲುತ್ತದೆ, ಉದ್ದೇಶವೂ ನೆರವೇರುತ್ತದೆ. ಆದರೆ ಮುಂದೊಂದು ದಿನ ಸಿರಾ-ತುಮಕೂರು ಕೊಂಡಿ ಕಡಿದಾಗ ಸಿರಾದ ರೂಟರು ನಕ್ಷೆಯನ್ನು ನೋಡಿ, ಮಧುಗಿರಿಯ ಮೂಲಕ ದಾರಿಯಿದೆಯೆಂದು ನಿರ್ಣಯಿಸುತ್ತದೆ. ಮಧುಗಿರಿ ಸಿರಾಕ್ಕೆ ಕಳಿಸುತ್ತದೆ, ಸಿರಾ ಮಧುಗಿರಿಗೆ ಹಿಂದಿರುಗಿಸುತ್ತದೆ. ಒಂದೊಂದು ನೆಗೆತಕ್ಕೂ ಒಂದೊಂದಾಗಿ ಕುಗ್ಗುವ ಆಯುಷ್ಯದ ಎಣಿಕೆ ಸೊನ್ನೆಗಿಳಿದು ಕೋರಿಕೆ ನಾಶವಾಗುತ್ತದೆ. ಕೊರಟಗೆರೆಯ ದಾರಿ ಮಾತ್ರ ಅಷ್ಟು ಹೊತ್ತೂ ತೆರೆದೇ ಇರುತ್ತದೆ!

ಇತಿಹಾಸಕಾರನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಆತನು ತನ್ನ ನಿರ್ಣಯವನ್ನು ಕಾರಣಸಹಿತವಾಗಿ ಪ್ರಕಟಿಸುತ್ತಾನೆ. ಈ ಅಂಕವಾದರೋ ಆಯಾ ರೂಟರಿನ ಗುಟ್ಟು, ನೆರೆಯವರಿಗೆ ತಿಳಿಯದು. ವೆಚ್ಚವು ಹಾಗಲ್ಲ. ಸ್ಥಿರಮಾರ್ಗದ ಬದಲು ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ಕೊಂಡಿಯ ವೆಚ್ಚವನ್ನು 50ಕ್ಕೆ ಏರಿಸಿದ್ದರೆ ಆ ದಾರಿಯ ಮೊತ್ತ 60 ಆಗಿ, 40ರ ಸಿರಾ ಮಾರ್ಗವೇ ಗೆಲ್ಲುತ್ತಿತ್ತು. ಸಿರಾದ ಕೊಂಡಿ ಕಡಿದೊಡನೆ ಎಲ್ಲ ರೂಟರುಗಳೂ ಕೊರಟಗೆರೆಯತ್ತ ತಿರುಗುತ್ತಿದ್ದವು. ಅಲ್ಲದೆ ಒಂದೇ ಓ.ಎಸ್.ಪಿ.ಎಫ್. ಗಣನೆಯೊಳಗಿನ ಎರಡು ದಾರಿಗಳ ವ್ಯಾಜ್ಯ ಅದರೊಳಗೇ ತೀರ್ಮಾನವಾಗುವುದರಿಂದ, 110ನ್ನು ಒಟ್ಟಾರೆ ಏರಿಳಿಸಿದರೆ ಆ ತೀರ್ಮಾನ ಬದಲಾಗದು.

ಹಾಗಾದರೆ ಈ ಅಂಕದ ಉಪಯೋಗವೆಲ್ಲಿ? ಓ.ಎಸ್.ಪಿ.ಎಫ್. ನಕ್ಷೆಗೆ ಸೇರದ, ಬೇರೊಬ್ಬರಿಂದ ಬಾಡಿಗೆಗೆ ಪಡೆದ ಕೊಂಡಿಯೊಂದು ಮಧುಗಿರಿಯಲ್ಲಿದ್ದರೆ ಅದರ ಸ್ಥಿರಮಾರ್ಗಕ್ಕೆ 130 ಎಂದು ಕೊಡಬಹುದು. 110 ಇರುವವರೆಗೂ ಅದು ಮರೆಯಲ್ಲಿರುತ್ತದೆ, ಓ.ಎಸ್.ಪಿ.ಎಫ್. ತುಮಕೂರಿನ ದಾರಿಯನ್ನು ಪೂರ್ತಿ ಕಳೆದುಕೊಂಡ ಮೇಲೆಯೇ ಮುಂದೆ ಬರುತ್ತದೆ.